ಮೊದಲು ಕಾಲು ಗಟ್ಟಿ, ಆಮೇಲೆ ವೇಗ: ಸೇನಾ ರ‍್ಯಾಲಿಗೆ ಸೊನ್ನೆಯಿಂದ 24 ವಾರಗಳ ತಯಾರಿ

ಸೇನಾ ಭರ್ತಿ ರ‍್ಯಾಲಿಯ ನೋಟಿಫಿಕೇಶನ್ ಬಂದ ಮಾರನೇ ದಿನ ನಮ್ಮೂರ ಹೈಸ್ಕೂಲ್ ಗ್ರೌಂಡ್ ತುಂಬಿರುತ್ತದೆ. ಬೆಳಿಗ್ಗೆ ಐದಕ್ಕೇ ನಲವತ್ತು ಹುಡುಗರು. ಮೂರು ವಾರ ಕಳೆಯುವಷ್ಟರಲ್ಲಿ ಹದಿನೈದು ಜನ ಉಳಿದಿರುತ್ತಾರೆ. ಬಿಟ್ಟು ಹೋದವರಿಗೆ ಛಲ ಇರಲಿಲ್ಲ ಅಂತ ಊರಲ್ಲಿ ಮಾತಾಡುತ್ತಾರೆ. ಅದು ಸರಿಯಲ್ಲ. ಅವರಲ್ಲಿ ಹೆಚ್ಚಿನವರು ಕಾಲು ನೋವಿಗೆ ನಿಂತವರು. ಮೊದಲ ದಿನವೇ ನಾಲ್ಕು ರೌಂಡ್ ಬಿರುಸಾಗಿ ಓಡಿದವರು.

ಕಾರಣ ಸರಳ. ದಮ್ಮು ಬೇಗ ಬರುತ್ತದೆ. ಎರಡು ಮೂರು ವಾರ ಓಡಿದರೆ ಸಾಕು, ಉಸಿರಾಟ ಹಗುರ ಅನಿಸುತ್ತದೆ, ಇನ್ನೂ ಓಡಬಲ್ಲೆ ಅನಿಸುತ್ತದೆ. ಆದರೆ ಎಲುಬು, ಸ್ನಾಯುವನ್ನು ಎಲುಬಿಗೆ ಕಟ್ಟುವ ನರಗಟ್ಟು, ಕೀಲು, ಇವೆಲ್ಲ ಗಟ್ಟಿಯಾಗಲು ತಿಂಗಳುಗಳೇ ಬೇಕು. ದಮ್ಮು ಮುಂದೆ ಓಡುತ್ತದೆ, ಎಲುಬು ಹಿಂದೆ ಉಳಿಯುತ್ತದೆ. ಆ ನಡುವಿನ ವಾರಗಳಲ್ಲೇ ಪೆಟ್ಟಾಗುವುದು. ಅದಕ್ಕೇ ನೋಟಿಫಿಕೇಶನ್‌ಗೆ ಕಾಯದೆ ಆರು ತಿಂಗಳು ಮೊದಲೇ ಶುರು ಮಾಡಿ. ಇವತ್ತು ಒಂದು ರೌಂಡ್ ಕೂಡ ಓಡಲು ಆಗದವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಫಿಸಿಕಲ್‌ನಲ್ಲಿ ಏನಿರುತ್ತದೆ

2022ರ ಜೂನ್‌ನಲ್ಲಿ ಅಗ್ನಿಪಥ ಯೋಜನೆ ಬಂದ ಮೇಲೆ ಸೈನಿಕ ಹುದ್ದೆಗೆ ಸೇರುವವರಲ್ಲಿ ಬಹುತೇಕರು ಅಗ್ನಿವೀರರು, ಅಂದರೆ ನಾಲ್ಕು ವರ್ಷದ ಸೇವೆಗೆ ಸೇರುವವರು. 2023ರಿಂದ ಮೊದಲು ಕಂಪ್ಯೂಟರ್ ಪರೀಕ್ಷೆ, ಅದರಲ್ಲಿ ಆಯ್ಕೆಯಾದವರಿಗೆ ಮಾತ್ರ ರ‍್ಯಾಲಿ. ನಮ್ಮ ರಾಜ್ಯದ ಭರ್ತಿಯನ್ನು ಬೆಂಗಳೂರು, ಬೆಳಗಾವಿ, ಮಂಗಳೂರಿನ ಸೇನಾ ನೇಮಕಾತಿ ಕಚೇರಿಗಳು ನೋಡಿಕೊಳ್ಳುತ್ತವೆ.

ಜನರಲ್ ಡ್ಯೂಟಿ, ಅಂದರೆ ಸಾಮಾನ್ಯ ಸೈನಿಕ ಹುದ್ದೆಯ ಹುಡುಗರಿಗೆ ನಾಲ್ಕು ಪರೀಕ್ಷೆ. 1.6 ಕಿ.ಮೀ. ಓಟ, 9 ಅಡಿ ಹಳ್ಳ ಜಿಗಿತ, ಜಿಗ್‌ಜಾಗ್ ಬ್ಯಾಲೆನ್ಸ್ (ಸೊಟ್ಟಸೊಟ್ಟಗಿರುವ ಕಿರಿದಾದ ಹಲಗೆ ಮೇಲೆ ಬೀಳದೆ ನಡೆಯುವುದು), ಬೀಮ್ (ಅಡ್ಡ ಕಂಬಿಗೆ ನೇತಾಡಿ ಗದ್ದ ಮೇಲೆ ಬರುವಂತೆ ಮೈ ಎಳೆಯುವುದು). ಹಳ್ಳ ಮತ್ತು ಬ್ಯಾಲೆನ್ಸ್‌ಗೆ ಅಂಕ ಇಲ್ಲ, ಪಾಸಾದರೆ ಸಾಕು. ಅಂಕ ಇರುವುದು ಓಟಕ್ಕೆ ಮತ್ತು ಬೀಮ್‌ಗೆ. 5 ನಿಮಿಷ 30 ಸೆಕೆಂಡ್ ಒಳಗೆ ಓಡಿದರೆ 60 ಅಂಕ, 5 ನಿಮಿಷ 45 ಸೆಕೆಂಡ್ ಒಳಗೆ ಬಂದರೆ 48. 2025ರಿಂದ 6 ನಿಮಿಷ 15 ಸೆಕೆಂಡ್‌ವರೆಗೂ ಅವಕಾಶ ಕೊಟ್ಟಿದ್ದಾರೆ, ಆದರೆ ಅಂಕ ಇನ್ನೂ ಕಡಿಮೆ. ಬೀಮ್ 10 ಹೊಡೆದರೆ 40 ಅಂಕ, 6ಕ್ಕೆ 16 ಅಂಕ. ಆರಕ್ಕಿಂತ ಕಡಿಮೆಯಾದರೆ ಫೇಲ್. ನಿಯಮ ಆಗಾಗ ಬದಲಾಗುತ್ತದೆ. ಅರ್ಜಿ ಹಾಕುವಾಗ ಆ ವರ್ಷದ ನೋಟಿಫಿಕೇಶನ್ ಅನ್ನು ನೀವೇ ಪೂರ್ತಿ ಓದಿ, ಯಾರೋ ಹೇಳಿದ್ದನ್ನು ನಂಬಬೇಡಿ.

ಗುರಿ 5:30 ಇಟ್ಟುಕೊಳ್ಳಿ. 400 ಮೀಟರ್ ಟ್ರ್ಯಾಕ್‌ನಲ್ಲಿ ನಾಲ್ಕು ರೌಂಡ್, ಒಂದು ರೌಂಡ್‌ಗೆ 82 ಸೆಕೆಂಡ್ ಚಿಲ್ಲರೆ. ಈ ಸಂಖ್ಯೆ ತಲೆಯಲ್ಲಿರಲಿ. ಆದರೆ ಮೊದಲ ಹತ್ತು ವಾರ ಅದರ ಹತ್ತಿರವೂ ಹೋಗಬೇಡಿ.

ಓಡುವ ಮೊದಲು ಮೈ ತೋರಿಸಿ

ಆರು ತಿಂಗಳು ಬೆವರು ಸುರಿಸಿ, ಓಟ ಪಾಸಾಗಿ, ಕೊನೆಗೆ ಮೆಡಿಕಲ್‌ನಲ್ಲಿ ಹೊರಬಿದ್ದ ಹುಡುಗನ ಮುಖ ನೋಡಿದ್ದೇನೆ. ಸರಿಪಡಿಸಬಹುದಾಗಿದ್ದ ತೊಂದರೆ ಅದು. ಅದಕ್ಕೆ ಮೊದಲ ವಾರದಲ್ಲೇ ಒಬ್ಬ ಡಾಕ್ಟರ್ ಹತ್ತಿರ ಹೋಗಿ. ಕಣ್ಣು, ಕಿವಿ, ಹಲ್ಲು, ಹರ್ನಿಯಾ, ಕಾಲಿನ ಉಬ್ಬಿದ ರಕ್ತನಾಳ, ಇಷ್ಟನ್ನು ನೋಡಲು ಹೇಳಿ. ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ರಕ್ತ ಕಡಿಮೆ ಇದ್ದರೆ ಎಷ್ಟು ಓಡಿದರೂ ಟೈಮಿಂಗ್ ಇಳಿಯುವುದಿಲ್ಲ. ಓಡುವಾಗ ಎದೆ ನೋವು, ತಲೆ ಸುತ್ತಿ ಬೀಳುವುದು, ವೀಜಿಂಗ್ (ಉಸಿರಾಡುವಾಗ ಎದೆಯಲ್ಲಿ ಸುಯ್ ಅನ್ನುವ ಸದ್ದು), ಅಥವಾ ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೇ ಹೃದಯಾಘಾತದಿಂದ ಹೋಗಿದ್ದರೆ, ಅದನ್ನು ಮುಚ್ಚಿಡದೆ ಹೇಳಿ.

ಎರಡು ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಪಾದ ಒದ್ದೆ ಮಾಡಿ ಒಣ ಸಿಮೆಂಟ್ ನೆಲದ ಮೇಲೆ ನಿಲ್ಲಿ. ಹೆಜ್ಜೆಯ ಒಳಬದಿ ಬಿಲ್ಲಿನಂತೆ ಬಿಟ್ಟುಹೋಗಿರಬೇಕು. ಇಡೀ ಪಾದ ಮೂಡಿದರೆ ಚಪ್ಪಟೆ ಪಾದ ಇರಬಹುದು. ಇನ್ನೊಂದು, ಎರಡೂ ಹಿಮ್ಮಡಿ ಸೇರಿಸಿ ನೇರ ನಿಲ್ಲಿ. ಮೊಣಕಾಲು ಒಂದಕ್ಕೊಂದು ಒತ್ತಿ, ಹಿಮ್ಮಡಿ ಸೇರದೇ ಹೋದರೆ ಡಾಕ್ಟರ್‌ಗೆ ತೋರಿಸಿ. ಎತ್ತರವನ್ನೂ ಗೋಡೆಗೆ ನಿಂತು ಸರಿಯಾಗಿ ಅಳೆಯಿರಿ. ಕರ್ನಾಟಕದ ಜನರಲ್ ಡ್ಯೂಟಿ ಹುಡುಗರಿಗೆ 166 ಸೆಂ.ಮೀ. ಬೇಕು. ಎದೆ 77 ಸೆಂ.ಮೀ., ಉಸಿರೆಳೆದಾಗ 5 ಸೆಂ.ಮೀ. ಹಿಗ್ಗಬೇಕು. ಹಾಗೆಯೇ, ಸುಮ್ನೆ ಹಚ್ಚೆ ಹಾಕಿಸಿಕೊಳ್ಳಬೇಡಿ.

ಒಂದು ನೋಟ್‌ಬುಕ್ ತನ್ನಿ. ಮೊದಲ ಪುಟದಲ್ಲಿ ಬರೆಯಿರಿ: ತೂಕ, ಬೆಳಿಗ್ಗೆ ಎದ್ದ ಕೂಡಲೇ ನಿಮಿಷಕ್ಕೆ ನಾಡಿ ಎಷ್ಟು, ಬೀಮ್ ಹಿಡಿದು ಎಷ್ಟು ಸೆಕೆಂಡ್ ನೇತಾಡಬಲ್ಲಿರಿ, ಎಷ್ಟು ದಂಡ ಹೊಡೆಯಬಲ್ಲಿರಿ.

ಜಾಗ, ಅಳತೆ, ಬೂಟು

ಊರಿನ ಗ್ರೌಂಡ್‌ಗಳು 400 ಮೀಟರ್ ಇರುವುದು ಕಡಿಮೆ. ಬಹುತೇಕ 200 ಇರುತ್ತವೆ, ಅದೂ ಅಂದಾಜು. ಮೊಬೈಲ್ ಆ್ಯಪ್ ಸಣ್ಣ ಸುತ್ತಿನಲ್ಲಿ ತಪ್ಪು ತೋರಿಸುತ್ತದೆ. 50 ಮೀಟರ್ ಹಗ್ಗ ತಂದು ಇಬ್ಬರು ಸೇರಿ ಅಳೆದು, ಸುಣ್ಣದ ಗುರುತು ಹಾಕಿ. ಅಳತೆ ಸುಳ್ಳಾದರೆ ಟೈಮಿಂಗೂ ಸುಳ್ಳು. ಗ್ರೌಂಡ್‌ನಲ್ಲಿ 5:25 ಓಡುತ್ತಿದ್ದವನು ರ‍್ಯಾಲಿಯಲ್ಲಿ 5:50ಕ್ಕೆ ಬಂದರೆ, ಅವನ ಗ್ರೌಂಡ್ ಚಿಕ್ಕದಿತ್ತು ಅಂತಲೇ ಅರ್ಥ.

ಹೆದ್ದಾರಿ ಬದಿಯಲ್ಲಿ ಕಿಲೋಮೀಟರ್ ಕಲ್ಲುಗಳ ನಡುವೆ 2, 4, 6, 8 ಅಂತ ಬರೆದ ಸಣ್ಣ ಕಲ್ಲುಗಳಿರುತ್ತವೆ. ಒಂದರಿಂದ ಇನ್ನೊಂದಕ್ಕೆ 200 ಮೀಟರ್. ಅಳತೆಗೆ ಒಳ್ಳೆಯದು, ಓಡಲು ಅಲ್ಲ. ಕತ್ತಲಲ್ಲಿ ಹೆದ್ದಾರಿಗೆ ಇಳಿಯಬೇಡಿ. ಬೇರೆ ದಾರಿಯೇ ಇಲ್ಲ ಅಂದರೆ ಬೆಳಕಾದ ಮೇಲೆ, ಎದುರಿಗೆ ಬರುವ ಗಾಡಿ ಕಾಣುವಂತೆ ಬಲಬದಿಯಲ್ಲಿ ಓಡಿ. ಎಲ್ಲಕ್ಕಿಂತ ಒಳ್ಳೆಯದು ಹೊಲದ ಬಂಡಿದಾರಿ, ಕೆರೆ ಏರಿ, ಹುಲ್ಲಿನ ನೆಲ. ಟಾರು, ಸಿಮೆಂಟ್ ಮೇಲೆ ಓಡುವುದನ್ನು ಆದಷ್ಟು ಕಡಿಮೆ ಮಾಡಿ.

ಬೂಟಿಗೆ ದುಬಾರಿ ಬ್ರ್ಯಾಂಡ್ ಬೇಕಿಲ್ಲ. ಹೆಬ್ಬೆರಳಿನ ಮುಂದೆ ಅರ್ಧ ಬೆರಳು ಜಾಗ, ಹಿಮ್ಮಡಿ ಜಾರದಿರುವುದು, ಸೋಲ್ ಒಂದು ಬದಿ ಸವೆದಿರದಿರುವುದು, ಇಷ್ಟು ನೋಡಿ. ಬರಿಗಾಲಲ್ಲಿ ಓಡಿ ಬೆಳೆದವರು ಹಾಗೇ ಓಡಬಹುದು. ಆದರೆ ಆರು ತಿಂಗಳು ಬೂಟಿನಲ್ಲಿ ಓಡಿ, ರ‍್ಯಾಲಿ ದಿನ ಬೂಟು ಬಿಚ್ಚಬೇಡಿ.

1ರಿಂದ 4ನೇ ವಾರ: ನಡಿಗೆ ಮತ್ತು ನಿಧಾನ ಓಟ

ವಾರಕ್ಕೆ ನಾಲ್ಕೇ ದಿನ. ಶುರುವಿಗೂ ಕೊನೆಗೂ ಐದೈದು ನಿಮಿಷ ಬಿರುಸು ನಡಿಗೆ. ನಡುವೆ ಮೊದಲ ವಾರ 1 ನಿಮಿಷ ಓಟ, 2 ನಿಮಿಷ ನಡಿಗೆ, ಎಂಟು ಸಲ. ಎರಡನೇ ವಾರ 2 ನಿಮಿಷ ಓಟ, 2 ನಿಮಿಷ ನಡಿಗೆ, ಆರು ಸಲ. ಮೂರನೇ ವಾರ 4 ನಿಮಿಷ ಓಟ, 2 ನಿಮಿಷ ನಡಿಗೆ, ನಾಲ್ಕು ಸಲ. ನಾಲ್ಕನೇ ವಾರ 10 ನಿಮಿಷ ಓಟ, 2 ನಿಮಿಷ ನಡಿಗೆ, ಮತ್ತೆ 10 ನಿಮಿಷ ಓಟ.

ವೇಗ ಎಷ್ಟಿರಬೇಕು? ಪಕ್ಕದಲ್ಲಿ ಓಡುವವನ ಜೊತೆ ಮನೆ ಸುದ್ದಿ ಮಾತಾಡಲು ಆಗಬೇಕು. ಒಂದು ಪೂರ್ತಿ ವಾಕ್ಯ ಹೇಳುವಷ್ಟರಲ್ಲಿ ಏದುಸಿರು ಬಂದರೆ ಜೋರಾಯಿತು, ನಿಧಾನ ಮಾಡಿ. ಅಕ್ಕಪಕ್ಕದವರು ನಿಮ್ಮನ್ನು ದಾಟಿ ಹೋಗುತ್ತಾರೆ. ಹೋಗಲಿ ಬಿಡಿ. ಈ ನಾಲ್ಕು ವಾರದಲ್ಲಿ ನೀವು ಕಟ್ಟುತ್ತಿರುವುದು ಕಾಲು.

ಒಂದು ವಾರದ್ದು ಕಷ್ಟ ಅನಿಸಿದರೆ ಅದೇ ವಾರವನ್ನು ಮತ್ತೊಮ್ಮೆ ಮಾಡಿ. ಅದು ಸೋಲಲ್ಲ.

5ರಿಂದ 10ನೇ ವಾರ: ನಿಲ್ಲದೆ ಓಡುವುದು

ಈಗ ನಡಿಗೆ ಬಿಟ್ಟು 20 ನಿಮಿಷ ಒಂದೇ ಸಮ ಓಡಿ. ಹತ್ತನೇ ವಾರಕ್ಕೆ ವಾರದ ಒಂದು ಓಟ 40 ನಿಮಿಷ ಆಗಬೇಕು, ಉಳಿದ ಮೂರು 25ರಿಂದ 30 ನಿಮಿಷ. ಮಾತಾಡುವ ವೇಗವೇ ಇರಲಿ. ಎಂಟನೇ ವಾರದಿಂದ ಎರಡು ದಿನ ಓಟದ ಕೊನೆಗೆ 80 ಮೀಟರ್‌ನ ಆರು ಓಟ ಸೇರಿಸಿ. ಪೂರ್ತಿ ಜೋರಲ್ಲ, ಮೈ ಸಡಿಲ ಬಿಟ್ಟು ಚುರುಕಾಗಿ, ಪ್ರತಿ ಸಲ ನಡೆದು ವಾಪಸ್ ಬನ್ನಿ. ಇದರಿಂದ ಕಾಲಿಗೆ ವೇಗದ ಅಭ್ಯಾಸ ಆಗುತ್ತದೆ.

ಇಲ್ಲಿಂದ ಮುಂದೆ ಪ್ರತಿ ನಾಲ್ಕನೇ ವಾರ ಓಟವನ್ನು ಮೂರನೇ ಒಂದು ಪಾಲು ಕಡಿಮೆ ಮಾಡಿ. ಹುಡುಗರು ಇದನ್ನೇ ಮೊದಲು ಬಿಡುವುದು, ಚೆನ್ನಾಗಿ ಓಡುತ್ತಿರುವಾಗ ಯಾಕೆ ಕಡಿಮೆ ಮಾಡಬೇಕು ಅಂತ. ಓಡುವಾಗ ಎಲುಬು ಸವೆಯುತ್ತದೆ, ವಿಶ್ರಾಂತಿಯಲ್ಲಿ ಕಟ್ಟಿಕೊಳ್ಳುತ್ತದೆ. ಕಟ್ಟಿಕೊಳ್ಳಲು ಹೊತ್ತು ಕೊಡಬೇಕಲ್ವಾ?

ಕಾಲಿನ ಎಲುಬು ನೋವು: ಹೆಬ್ಬೆರಳಿನ ಪರೀಕ್ಷೆ

ಹೋದ ವರ್ಷ ಒಬ್ಬ ಹುಡುಗ ಬೆಳಿಗ್ಗೆ ಗ್ರೌಂಡ್‌ಗೆ ಬಂದು ಕಟ್ಟೆ ಮೇಲೆ ಕೂತಿದ್ದ. ಬೂಟು ಹಾಕಿಕೊಂಡಿದ್ದ, ಲೇಸ್ ಕಟ್ಟಿರಲಿಲ್ಲ. ಏನಾಯ್ತು ಅಂದೆ. "ಏನಿಲ್ಲಣ್ಣ, ಸ್ವಲ್ಪ ಬಿಗಿ" ಅಂದ. ಪ್ಯಾಂಟ್ ಮೇಲೆತ್ತಿಸಿ, ಮೊಣಕಾಲ ಕೆಳಗೆ ಒಳಬದಿಯ ಎಲುಬಿನ ಅಂಚನ್ನು ಹೆಬ್ಬೆರಳಿನಿಂದ ಇಂಚಿಂಚಾಗಿ ಒತ್ತುತ್ತಾ ಬಂದೆ. ಮೇಲೆ ಏನೂ ಇಲ್ಲ. ಕಣಕಾಲಿನಿಂದ ಒಂದು ಗೇಣು ಮೇಲೆ ಬಂದಾಗ ಕಾಲು ಸರಕ್ಕನೆ ಎಳೆದುಕೊಂಡ. ಮತ್ತೆ ಅದೇ ಜಾಗ ಒತ್ತಿದೆ, ಒಂದು ರೂಪಾಯಿ ನಾಣ್ಯದಷ್ಟು ಜಾಗ. ರಾತ್ರಿಯೂ ನೋಯುತ್ತಾ ಅಂತ ಕೇಳಿದೆ. ಹೌದು ಅಂತ ತಲೆಯಾಡಿಸಿದ. ಅವತ್ತೇ ಎಲುಬಿನ ಡಾಕ್ಟರ್ ಹತ್ತಿರ ಕಳಿಸಿದೆವು. ಎಲುಬಿನಲ್ಲಿ ಸಣ್ಣ ಬಿರುಕು. ಎರಡು ತಿಂಗಳು ಓಟ ನಿಂತಿತು. ಇನ್ನೊಂದು ವಾರ ತಡೆದುಕೊಂಡು ಓಡಿದ್ದರೆ ಎಲುಬು ಮುರಿಯುವ ಸಂಭವವಿತ್ತು.

ಈ ವ್ಯತ್ಯಾಸ ಎಲ್ಲರಿಗೂ ಗೊತ್ತಿರಬೇಕು. ಎಲುಬಿನ ಅಂಚಿನುದ್ದಕ್ಕೂ ಒಂದು ಗೇಣಿನಷ್ಟು ಜಾಗ ನೋಯುತ್ತಿದ್ದರೆ, ಓಟ ಶುರು ಮಾಡಿದಾಗ ಇದ್ದು ಮೈ ಬಿಸಿಯಾದ ಮೇಲೆ ಕಡಿಮೆಯಾದರೆ, ಅದು ಶಿನ್ ಸ್ಪ್ಲಿಂಟ್. ಹತ್ತು ದಿನ ಓಟ ಬಿಟ್ಟು ಸೈಕಲ್ ತುಳಿಯಿರಿ ಅಥವಾ ಈಜಿ, ಐಸ್ ಇಡಿ, ಆಮೇಲೆ ಅರ್ಧದಿಂದ ಮತ್ತೆ ಶುರು ಮಾಡಿ. ನೋವು ಒಂದೇ ಬೆರಳಿನ ಜಾಗದಲ್ಲಿದ್ದರೆ, ಓಡಿದಷ್ಟೂ ಜಾಸ್ತಿಯಾದರೆ, ಸುಮ್ಮನೆ ಮಲಗಿದಾಗಲೂ ಇದ್ದರೆ, ಒಂಟಿ ಕಾಲಲ್ಲಿ ಕುಪ್ಪಳಿಸಲು ಆಗದಿದ್ದರೆ, ಓಟ ನಿಲ್ಲಿಸಿ ಡಾಕ್ಟರ್‌ಗೆ ತೋರಿಸಿ. ನೋವಿನ ಮಾತ್ರೆ ನುಂಗಿ ಓಡಬೇಡಿ. ಮಾತ್ರೆ ನೋವನ್ನು ಮುಚ್ಚುತ್ತದೆ, ಬಿರುಕನ್ನಲ್ಲ.

ಬರದಂತೆ ನೋಡಿಕೊಳ್ಳಲು ದಿನಕ್ಕೆ ಹತ್ತು ನಿಮಿಷ ಸಾಕು. ಮೆಟ್ಟಿಲ ತುದಿಯಲ್ಲಿ ಪಾದದ ಮುಂಭಾಗ ಊರಿ, ಹಿಮ್ಮಡಿ ಎತ್ತಿ ಇಳಿಸುವುದು 15 ಸಲ, ಮೂರು ಸುತ್ತು. ಸುಲಭವಾದ ಮೇಲೆ ಒಂಟಿ ಕಾಲಲ್ಲಿ. ಗೋಡೆಗೆ ಬೆನ್ನು ಕೊಟ್ಟು ನಿಂತು ಪಾದದ ಮುಂಭಾಗ ಎತ್ತುವುದು 20 ಸಲ. ಓಡುವಾಗ ಹೆಜ್ಜೆಯನ್ನು ಉದ್ದ ಚಾಚಬೇಡಿ. ಪಾದ ಮೈ ಕೆಳಗೇ ಬೀಳಲಿ, ಹೆಜ್ಜೆ ಚಿಕ್ಕದಾಗಿ ಬೇಗ ಬೇಗ ಬರಲಿ.

ಬೀಮ್: ಒಂದೂ ಆಗದವರು ಹತ್ತಕ್ಕೆ ಹೋಗುವ ದಾರಿ

ಬೀಮ್ ಅನ್ನು ಕೊನೆಗೆ ನೋಡಿಕೊಂಡರಾಯ್ತು ಅಂದುಕೊಳ್ಳುವವರು ಜಾಸ್ತಿ. ತಪ್ಪು. ಸೊನ್ನೆಯಿಂದ ಹತ್ತಕ್ಕೆ ನಾಲ್ಕೈದು ತಿಂಗಳು ಬೇಕು. ಮೊದಲ ವಾರದಿಂದಲೇ ಶುರು ಮಾಡಿ, ವಾರಕ್ಕೆ ಮೂರು ದಿನ. ಬೇವಿನ ಮರದ ಗಟ್ಟಿ ಕೊಂಬೆ ಸಾಕು, ಎರಡು ಕಂಬಕ್ಕೆ ಬಿಗಿದ ಕಬ್ಬಿಣದ ಪೈಪ್ ಆದರೂ ಸರಿ.

ಮೊದಲ ಮೂರು ವಾರ ಬರೀ ನೇತಾಡಿ. 20 ಸೆಕೆಂಡ್, ಐದು ಸಲ. ನೇತಾಡುತ್ತಲೇ ಕೈ ಮಡಚದೆ ಭುಜವನ್ನು ಮಾತ್ರ ಕಿವಿಯಿಂದ ಕೆಳಕ್ಕೆ ಎಳೆದು ಬಿಡಿ, 8 ಸಲ. ಜೊತೆಗೆ ಸೊಂಟದೆತ್ತರದ ಪೈಪ್ ಹಿಡಿದು, ಕಾಲು ನೆಲಕ್ಕೆ ಊರಿ, ಮೈ ಹಲಗೆಯಂತೆ ನೇರ ಇಟ್ಟು ಎದೆಯನ್ನು ಪೈಪ್‌ಗೆ ಎಳೆಯುವುದು, 10 ಸಲ, ಮೂರು ಸುತ್ತು.

ನಾಲ್ಕನೇ ವಾರದಿಂದ ಇಳಿಯುವುದನ್ನು ಕಲಿಯಿರಿ. ಸ್ಟೂಲ್ ಮೇಲೆ ಹತ್ತಿ ಗದ್ದ ಬೀಮ್ ಮೇಲೆ ಬರುವಂತೆ ಹಿಡಿದುಕೊಳ್ಳಿ, ಕಾಲು ಬಿಡಿ, ಐದು ಎಣಿಸುತ್ತಾ ನಿಧಾನ ಇಳಿಯಿರಿ. ಐದು ಸಲ, ಮೂರು ಸುತ್ತು. ಮೇಲೆ ಎಳೆಯಲು ಶಕ್ತಿ ಇಲ್ಲದವನಿಗೂ ಇಳಿಯಲು ಶಕ್ತಿ ಇರುತ್ತದೆ, ಆ ಇಳಿಯುವ ಶಕ್ತಿಯೇ ಮೇಲೆ ಎಳೆಯುವ ಶಕ್ತಿಯಾಗುತ್ತದೆ. ಎಂಟು ಎಣಿಸುವವರೆಗೆ ಇಳಿಯಲು ಬಂದಾಗ ಮೊದಲ ಪೂರ್ತಿ ಬೀಮ್ ಹತ್ತಿರದಲ್ಲೇ ಇದೆ.

ಮೂರು ಆದ ಮೇಲೆ ವಿಧಾನ ಬದಲಿಸಿ. ವಾರಕ್ಕೆ ಐದು ದಿನ, ದಿನಕ್ಕೆ ಐದಾರು ಸಲ, ಸಲಕ್ಕೆ ಎರಡೇ ಬೀಮ್. ಹಲ್ಲುಜ್ಜಿ ಬಂದಾಗ, ಊಟಕ್ಕೆ ಮುಂಚೆ, ಸಂಜೆ ದನ ಕಟ್ಟಿ ಬಂದಾಗ. ಕೈ ಸೋಲುವವರೆಗೆ ಎಳೆಯಬೇಡಿ. ನಾಲ್ಕಾರು ವಾರದಲ್ಲಿ ಆರು ಏಳು ಬರುತ್ತದೆ. ಎಣಿಕೆಯಲ್ಲಿ ಮೋಸ ಬೇಡ. ಕೆಳಗೆ ಕೈ ಪೂರ್ತಿ ನೇರ, ಮೇಲೆ ಗದ್ದ ಬೀಮ್ ದಾಟಬೇಕು, ಕಾಲು ಒದೆಯಬಾರದು. ರ‍್ಯಾಲಿಯಲ್ಲಿ ಅರ್ಧಂಬರ್ಧ ಬೀಮ್ ಎಣಿಸುವುದಿಲ್ಲ.

ಹದಿನೈದನೇ ವಾರದ ನಂತರ ವಾರಕ್ಕೊಂದು ದಿನ ಓಟ ಮುಗಿಸಿ ಹತ್ತು ನಿಮಿಷದಲ್ಲಿ ಬೀಮ್ ಹೊಡೆಯಿರಿ. ಸುಧಾರಿಸಿಕೊಂಡಾಗ ಹತ್ತು ಹೊಡೆಯುವವನು ಓಟದ ಮೇಲೆ ಏಳಕ್ಕೆ ನಿಲ್ಲುತ್ತಾನೆ. ಅದು ಗ್ರೌಂಡ್‌ನಲ್ಲೇ ಗೊತ್ತಾಗಲಿ.

ಇದರ ಜೊತೆ ವಾರಕ್ಕೆ ಎರಡು ದಿನ ದಂಡ, ಬಸ್ಕಿ, ಪ್ಲ್ಯಾಂಕ್ (ಮೊಣಕೈ ಊರಿ ಮೈಯನ್ನು ಹಲಗೆಯಂತೆ ನೇರ ಹಿಡಿಯುವುದು), ಮಲಗಿ ಸೊಂಟ ಎತ್ತುವುದು. ಅರ್ಧ ಗಂಟೆ ಸಾಕು, ಜಿಮ್ ಬೇಡ.

11ರಿಂದ 18ನೇ ವಾರ: ಈಗ ವೇಗ

ವಾರಕ್ಕೆ ಎರಡೇ ದಿನ ಜೋರು, ಎರಡರ ನಡುವೆ ಕನಿಷ್ಠ ಎರಡು ದಿನ ಅಂತರ. ಮಂಗಳವಾರ 200 ಮೀಟರ್, ಎಂಟು ಸಲ, 45 ಸೆಕೆಂಡ್‌ನಿಂದ ಶುರು ಮಾಡಿ 41ಕ್ಕೆ ತನ್ನಿ. ನಡುವೆ 200 ಮೀಟರ್ ನಡಿಗೆ. ಶುಕ್ರವಾರ 400 ಮೀಟರ್, ನಾಲ್ಕು ಸಲ, 92 ಸೆಕೆಂಡ್‌ನಿಂದ ನಿಧಾನವಾಗಿ 84ಕ್ಕೆ ಇಳಿಸಿ. ನಡುವೆ ಮೂರು ನಿಮಿಷ ವಿಶ್ರಾಂತಿ. ಭಾನುವಾರ 45ರಿಂದ 50 ನಿಮಿಷ ಹಗುರ ಓಟ. ಇನ್ನೊಂದು ದಿನ 30 ನಿಮಿಷ ಹಗುರ.

ಮೊದಲ 400 ಮತ್ತು ಕೊನೆಯ 400ರ ಟೈಮಿಂಗ್ ಹತ್ತಿರ ಹತ್ತಿರ ಇರಬೇಕು. ಮೊದಲದ್ದು 78, ಕೊನೆಯದ್ದು 100 ಆದರೆ ಅವತ್ತಿನ ಅಭ್ಯಾಸ ಕೆಟ್ಟಿತು ಅಂತ ಬರೆದುಕೊಳ್ಳಿ. ಜೋರು ಓಟಕ್ಕೆ ಮುಂಚೆ 12 ನಿಮಿಷ ಹಗುರ ಓಟ, ಕಾಲು ಬೀಸುವುದು, ಮೊಣಕಾಲು ಎತ್ತಿ ಓಡುವುದು ತಪ್ಪಿಸಬೇಡಿ. ತಣ್ಣಗಿರುವ ತೊಡೆ ಹಿಂಭಾಗ ಒಮ್ಮೆ ಹಿಡಿದುಕೊಂಡರೆ ಮೂರು ವಾರ ಹೋಯಿತು.

ಹಳ್ಳ ಜಿಗಿತಕ್ಕೂ ಈಗಲೇ ಸಮಯ. 9 ಅಡಿ ಅಂದರೆ 2.74 ಮೀಟರ್, ಓಡಿ ಬಂದು ಜಿಗಿಯುವವರಿಗೆ ದೊಡ್ಡದಲ್ಲ. ಸೋಲುವುದು ಹೆಜ್ಜೆ ಲೆಕ್ಕ ತಪ್ಪಿ. ಮರಳಿನಲ್ಲಿ ಎರಡು ಗೆರೆ ಎಳೆದು, ಹತ್ತು ಹನ್ನೆರಡು ಹೆಜ್ಜೆ ಓಡಿ ಬಂದು, ಯಾವ ಕಾಲಿನಿಂದ ಚಿಮ್ಮುತ್ತೀರಿ ಅಂತ ಖಚಿತ ಮಾಡಿಕೊಳ್ಳಿ. ಹತ್ತು ಅಡಿ ದಾಟುವಂತೆ ಅಭ್ಯಾಸ ಮಾಡಿ. ಬ್ಯಾಲೆನ್ಸ್‌ಗೆ ಗದ್ದೆ ಬದು ಇದ್ದೇ ಇದೆ. ಇಲ್ಲವಾದರೆ ಇಟ್ಟಿಗೆಗಳನ್ನು ಸೊಟ್ಟಸೊಟ್ಟಗೆ ಜೋಡಿಸಿ ನಡೆಯಿರಿ. ಕಣ್ಣು ಪಾದದ ಮೇಲಲ್ಲ, ಎರಡು ಹೆಜ್ಜೆ ಮುಂದೆ.

ಹುಡುಗಿಯರಿಗೆ

ಸೇನೆಯ ಮಿಲಿಟರಿ ಪೊಲೀಸ್ ವಿಭಾಗಕ್ಕೆ ಹುಡುಗಿಯರನ್ನು ತೆಗೆದುಕೊಳ್ಳುತ್ತಾರೆ. 83 ಜನರ ಮೊದಲ ತಂಡ ತರಬೇತಿ ಮುಗಿಸಿ ಹೊರಬಂದದ್ದು ನಮ್ಮ ಬೆಂಗಳೂರಿನಲ್ಲೇ, 2021ರ ಮೇ ತಿಂಗಳಲ್ಲಿ. ಹುಡುಗಿಯರ 1.6 ಕಿ.ಮೀ. ಓಟದಲ್ಲಿ 7 ನಿಮಿಷ 30 ಸೆಕೆಂಡ್ ಒಳಗೆ ಬಂದವರು ಮೊದಲ ಗುಂಪು, 8 ನಿಮಿಷದೊಳಗೆ ಬಂದವರು ಎರಡನೇ ಗುಂಪು. ಜೊತೆಗೆ 10 ಅಡಿ ಉದ್ದ ಜಿಗಿತ, 3 ಅಡಿ ಎತ್ತರ ಜಿಗಿತ. ಮೇಲಿನ ವಾರಗಳ ಲೆಕ್ಕ ಹಾಗೇ ಹೊಂದುತ್ತದೆ, ರೌಂಡ್‌ಗೆ 112 ಸೆಕೆಂಡ್ ಗುರಿ ಇಟ್ಟುಕೊಳ್ಳಿ. ಹಿಮೋಗ್ಲೋಬಿನ್ ಪರೀಕ್ಷೆ ನಿಮಗೆ ಇನ್ನೂ ಮುಖ್ಯ. ಓಟ ಜಾಸ್ತಿಯಾದ ಮೇಲೆ ಮುಟ್ಟು ನಿಂತರೆ ಊಟ ಸಾಲುತ್ತಿಲ್ಲ ಅಂತ ಅರ್ಥ ಇರಬಹುದು, ಡಾಕ್ಟರ್‌ಗೆ ಹೇಳಿ. ಮೂರು ನಾಲ್ಕು ಜನ ಒಟ್ಟಿಗೆ ಓಡಿ. ಮನೆಯವರಿಗೂ ಧೈರ್ಯ, ನಿಮಗೂ ಬಿಡದೆ ಓಡುವ ಅಭ್ಯಾಸ.

ಊಟ, ನಿದ್ದೆ

ಪೌಡರ್ ಡಬ್ಬಿಗೆ ದುಡ್ಡು ಹಾಕಬೇಡಿ. ಮುದ್ದೆ ಅಥವಾ ಜೋಳದ ರೊಟ್ಟಿ, ಜೊತೆಗೆ ಹುರುಳಿ, ಹೆಸರು, ಕಡಲೆ ಯಾವುದಾದರೂ ಕಾಳು ಎರಡೂ ಹೊತ್ತು, ಸೊಪ್ಪು, ಮೊಸರು. ರಾಗಿಯಲ್ಲಿ 100 ಗ್ರಾಂಗೆ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ, ಎಲುಬಿಗೆ ಅದೇ ಬೇಕು. 60 ಕಿಲೋ ತೂಕದವರಿಗೆ ದಿನಕ್ಕೆ 85ರಿಂದ 95 ಗ್ರಾಂ ಪ್ರೋಟೀನ್ ಇದ್ದರೆ ಒಳ್ಳೆಯದು. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಹಿಡಿ ಶೇಂಗಾದಲ್ಲಿ 7 ಗ್ರಾಂ ಸಿಗುತ್ತದೆ. ಓಟ ಮುಗಿದ ಮುಕ್ಕಾಲು ಗಂಟೆಯೊಳಗೆ ಬಾಳೆಹಣ್ಣು, ನೆನೆಸಿದ ಶೇಂಗಾ, ಬೆಲ್ಲ ತಿನ್ನಿ. ಊಟದ ಜೊತೆ ಚಹಾ ಕುಡಿಯಬೇಡಿ, ಸೊಪ್ಪಿನ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ.

ಐದಕ್ಕೆ ಏಳುವವರು ಒಂಬತ್ತೂವರೆಗೆ ಮಲಗಬೇಕು. ಹನ್ನೊಂದರವರೆಗೆ ಮೊಬೈಲ್ ನೋಡಿ ಐದಕ್ಕೆ ಓಡಿದರೆ ಓಡಿದ್ದು ಮೈಗೆ ಹತ್ತುವುದಿಲ್ಲ. ಇನ್ನು ಓಟಕ್ಕೆ ಮುಂಚೆ ಚುಚ್ಚಿಸಿಕೊಳ್ಳುವ ಇಂಜೆಕ್ಷನ್, ಗ್ರೌಂಡ್‌ನಲ್ಲಿ ಗುಟ್ಟಾಗಿ ಕೈಬದಲಾಗುವ ಮಾತ್ರೆ, ಅವನ್ನು ಮುಟ್ಟಲೇಬೇಡಿ. ಹೃದಯಕ್ಕೆ ಅಪಾಯ, ಸಿಕ್ಕಿಬಿದ್ದರೆ ಆಯ್ಕೆಯೂ ರದ್ದು.

ಕೊನೆಯ ಆರು ವಾರ ಮತ್ತು ರ‍್ಯಾಲಿ ದಿನ

19ರಿಂದ 23ನೇ ವಾರ ಮಂಗಳವಾರ 400 ಮೀಟರ್ ನಾಲ್ಕು ಸಲ, 82 ಸೆಕೆಂಡ್, ನಡುವೆ ಒಂದೂವರೆ ನಿಮಿಷ ಮಾತ್ರ ವಿಶ್ರಾಂತಿ. ಶುಕ್ರವಾರ 800 ಮೀಟರ್ ಎರಡು ಸಲ, 2 ನಿಮಿಷ 45 ಸೆಕೆಂಡ್, ನಡುವೆ ಐದು ನಿಮಿಷ. ಎರಡು ವಾರಕ್ಕೊಮ್ಮೆ ಶುಕ್ರವಾರದ ಬದಲು ಪೂರ್ತಿ 1.6 ಕಿ.ಮೀ. ಟ್ರಯಲ್. ದಿನಾ ಟ್ರಯಲ್ ಓಡುವವರ ಟೈಮಿಂಗ್ ಒಂದು ಹಂತಕ್ಕೆ ಬಂದು ನಿಂತುಬಿಡುತ್ತದೆ.

ಟ್ರಯಲ್‌ನಲ್ಲಿ ಮೂರನೇ ರೌಂಡ್ ಗಮನಿಸಿ. ಮೊದಲನೆಯದು ಹುಮ್ಮಸ್ಸಿನಲ್ಲಿ ಹೋಗುತ್ತದೆ, ಕೊನೆಯದು ಹೇಗೋ ಎಳೆಯುತ್ತೇವೆ. ಮೂರನೆಯದರ ಎರಡನೇ ತಿರುವಿನಲ್ಲಿ ಭುಜ ಕಿವಿಗೆ ಏರುತ್ತದೆ, ಮುಷ್ಟಿ ಬಿಗಿಯಾಗುತ್ತದೆ, ಹೆಜ್ಜೆ ಭಾರವಾಗುತ್ತದೆ. ಅಲ್ಲಿ ಕೈ ಸಡಿಲ ಬಿಡಿ, ಉಸಿರನ್ನು ಪೂರ್ತಿ ಹೊರಹಾಕಿ, ಮುಂದಿರುವವನ ಬೆನ್ನು ನೋಡುತ್ತಾ ಓಡಿ. 80, 83, 84, 82 ಬಂದರೆ 5:29.

24ನೇ ವಾರ ಅರ್ಧಕ್ಕಿಳಿಸಿ. ಎರಡು ಮೂರು ದಿನ 20 ನಿಮಿಷ ಹಗುರ ಓಟ, ನಾಲ್ಕಾರು ಚುರುಕು ಓಟ, ಅಷ್ಟೇ. ಬೀಮ್ ಮೂರು ದಿನ ಮುಂಚೆ ನಿಲ್ಲಿಸಿ, ಅಂಗೈ ಸುಲಿದುಕೊಂಡು ಹೋಗಬಾರದು.

ರ‍್ಯಾಲಿಗೆ ರಾತ್ರಿಯೇ ಹೋಗಿ ಸಾಲಿನಲ್ಲಿ ಕಾಯುವುದು ಸಾಮಾನ್ಯ. ಅದಕ್ಕೆ ಹಿಂದಿನ ಎರಡು ರಾತ್ರಿ ಚೆನ್ನಾಗಿ ನಿದ್ದೆ ಮಾಡಿ. ಹೊದೆಯಲು ಶಾಲು, ನೀರು, ಬಾಳೆಹಣ್ಣು, ಚಿಕ್ಕಿ ಇರಲಿ. ಗೊತ್ತಿಲ್ಲದ ಹೋಟೆಲ್ ಊಟ ಬೇಡ. ಓಟ ಗುಂಪಿನಲ್ಲಿರುತ್ತದೆ. ಮೊದಲ ನೂರು ಮೀಟರ್ ತಳ್ಳಾಟ, ಮೊಣಕೈ ಪೆಟ್ಟು. ಮುನ್ನುಗ್ಗುವ ಗುಂಪಿನ ಹಿಂದೆ ಮೊದಲ ರೌಂಡನ್ನು 70 ಸೆಕೆಂಡ್‌ನಲ್ಲಿ ಓಡಬೇಡಿ. ತಿರುವಿನಲ್ಲಿ ಹೊರಗಿನಿಂದ ದಾಟಿದರೆ ಜಾಸ್ತಿ ದೂರ ಓಡಬೇಕಾಗುತ್ತದೆ, ನೇರ ದಾರಿಯಲ್ಲಿ ದಾಟಿ.

ಗೆರೆ ದಾಟಿದ ಮೇಲೆ ಕೂರಬೇಡಿ, ಮಲಗಬೇಡಿ. ನಡೆಯುತ್ತಿರಿ, ಎರಡು ಗುಟುಕು ನೀರು ಕುಡಿಯಿರಿ, ಕೈ ಜಾಡಿಸಿ. ಅಂಗೈ ಬೆವರನ್ನು ಒಣ ಬಟ್ಟೆಯಲ್ಲಿ ಒರೆಸಿಕೊಳ್ಳಿ, ಬೇಕಾದರೆ ಸ್ವಲ್ಪ ಒಣ ಮಣ್ಣು ಸವರಿಕೊಳ್ಳಿ. ಮುಂದೆ ಬೀಮ್ ಇದೆ.